ನಾನು ಸುಧಾರಿಸಿದ ಸುದ್ದಿ

ನಾನು ಈವರೆಗೆ ಒಂಬತ್ತು ಸಲ ಸುಧಾರಿಸಿದ್ದೇನೆ. ಒಂಬತ್ತನೆಯದು ಸ್ವಲ್ಪ ಜೋರಾಗಿಯೇ ಆಯಿತು. ಅದನ್ನು ನಿಮ್ಮ ಮುಂದೆ ಹೇಳಿಬಿಟ್ಟರೆ ಮನಸ್ಸು ಹಗುರಾದೀತು.

ಮೊದಲ ಎಂಟರಲ್ಲಿ ಹೆಚ್ಚಿನದೇನೂ ಇಲ್ಲ. ಒಮ್ಮೆ ತಣ್ಣೀರಿನ ಸ್ನಾನದ ವ್ರತ ಹಿಡಿದಿದ್ದೆ. ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ತಣ್ಣೀರನ್ನು ಎಲ್ಲಿಂದ ತರುವುದು? ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಬೆಳಗಿನ ಒಂಬತ್ತಕ್ಕೇ ಚಹಾಪುಡಿ ಹಾಕಿದರೆ ಸಾಕು ಎನ್ನುವಷ್ಟು ಕಾದಿರುತ್ತದೆ. ನಲ್ಲಿ ತಿರುಗಿಸಿದವನೇ ಚೀರಿಕೊಂಡು ಟವಲ್ಲಿನಲ್ಲಿ ಹೊರಗೋಡಿ ಬಂದೆ. ನನ್ನ ಹೆಂಡತಿ ಗಿರಿಜಾ, "ಅಷ್ಟು ತಣ್ಣಗ ಐತೇನ್ರಿ?" ಎಂದು ಕೇಳಿದಳು. ಇನ್ನೊಮ್ಮೆ ಪ್ರತಿ ಭಾನುವಾರ ಸಂಗನಕಲ್ಲಿನ ಗುಡ್ಡ ಹತ್ತುವ ಪಣ ತೊಟ್ಟೆ. ಮೊದಲ ಭಾನುವಾರವೇ ಅರ್ಧ ಹತ್ತಿ, ಏದುಸಿರು ಬಿಡುತ್ತ ಒಂದು ಬಂಡೆಯ ನೆರಳಲ್ಲಿ ಅಂಗಿ ಬಿಚ್ಚಿ ಒರಗಿದವನಿಗೆ ಗಡದ್ದಾಗಿ ನಿದ್ದೆ ಬಂತು. ಎಚ್ಚರವಾದಾಗ ಯಾವುದೋ ಕಾಲೇಜಿನ ಹುಡುಗಿಯರು ನನ್ನ ಸುತ್ತ ನಿಂತಿದ್ದರು. ಅವರ ಮೇಡಂ, "ಸಾವಿರಾರು ವರ್ಷಗಳ ಹಿಂದೆ ಆದಿಮಾನವ ಇದೇ ಬಂಡೆಗಳ ಕೆಳಗೆ ವಾಸವಾಗಿದ್ದ" ಎಂದು ಹೇಳುತ್ತಿದ್ದರು. ಒಬ್ಬಳು ನನ್ನ ಫೋಟೋ ತೆಗೆದುಕೊಂಡಳು. ಮುಂದಿನ ಭಾನುವಾರ ನಾನು ಅತ್ತ ಹೋಗಲಿಲ್ಲ.

ಒಂಬತ್ತನೆಯದಕ್ಕೆ ಕಾರಣ ಒಂದು ಇಂಕ್ ಪೆನ್ನು. ಅಲಮಾರಿಯಲ್ಲಿ ರೇಷನ್ ಕಾರ್ಡು ಹುಡುಕುತ್ತಿದ್ದಾಗ ಸಿಕ್ಕಿತು. ಕಪ್ಪು ಮೈಯ, ಬಂಗಾರದ ಬಣ್ಣದ ಮುಚ್ಚಳದ ಪೆನ್ನು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕೊಡಿಸಿದ್ದು. ಅದರಿಂದ ಮಸಿ ಸೋರಿ ನನ್ನ ಬಿಳಿ ಅಂಗಿಗಳೆಲ್ಲ ಎಡಗಡೆ ನೀಲಿಯಾಗಿದ್ದವು. ಅದನ್ನು ಕೈಯಲ್ಲಿ ಹಿಡಿದಾಗ, ನಾನು ಪೆನ್ನು ಮುಟ್ಟದೆ ಎಷ್ಟು ಕಾಲವಾಯಿತು ಎನ್ನಿಸಿತು. ನಾನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಕೆಲಸವೆಲ್ಲ ಕಂಪ್ಯೂಟರಿನಲ್ಲಿ, ಉಳಿದ ಬದುಕೆಲ್ಲ ಫೋನಿನಲ್ಲಿ. ಅದೇ ವಾರ ನಮ್ಮ ಕಾಲೇಜಿನಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರವೂ ನಡೆಯಿತು. ಹುಡುಗರು ಯಾರೂ ಬರದಿದ್ದರಿಂದ ಕುರ್ಚಿ ತುಂಬಿಸಲು ನಮ್ಮನ್ನು ಕೂಡಿಸಿದರು. ಬಂದಿದ್ದ ಭಾಷಣಕಾರರು ಇಪ್ಪತ್ತೊಂದು ದಿನದ ಒಂದು ಪಥ್ಯ ಹೇಳಿದರು. ಫೋನು ಬಂದ್. ರಾತ್ರಿಯ ಊಟ ಬಂದ್. ಬೆಳಿಗ್ಗೆ ನಡಿಗೆ, ಕಣ್ಣು ಮುಚ್ಚಿ ಧ್ಯಾನ, ಮಾತು ಅಗತ್ಯಕ್ಕಷ್ಟೇ. ಕೊನೆಯದಾಗಿ, ಮನಸ್ಸು ಮುರಿದವರಿಗೆ ಮತ್ತು ಬಹಳ ದಿನ ಮರೆತವರಿಗೆ ಸ್ವಂತ ಕೈಯಿಂದ ಪತ್ರ ಬರೆಯುವುದು. ಅವರು ಹೇಳುತ್ತಿದ್ದಾಗ ಪೆನ್ನು ನನ್ನ ಜೇಬಿನಲ್ಲೇ ಇತ್ತು. ಆಗಲೇ ಸೋರತೊಡಗಿತ್ತು ಕೂಡ.

ಮರೆತವಳು ಎಂದರೆ ನನ್ನ ಅಕ್ಕ ನೀಲಕ್ಕ. ಕುರುಗೋಡಿನಲ್ಲಿದ್ದಾಳೆ. ಮನಸ್ಸು ಮುರಿದವನು ಖಾಜಾ.

ಖಾಜಾನ ವಿಷಯ ಸ್ವಲ್ಪ ಹೇಳಬೇಕು. ಕುರುಗೋಡಿನ ಸಾಲೆಯಲ್ಲಿ ನಾನೂ ಅವನೂ ಒಂದೇ ಬೆಂಚು. ಅವನ ಅಕ್ಷರಗಳು ಸೂಜಿಯಲ್ಲಿ ಪೋಣಿಸಿದ ಹಾಗೆ ಇರುತ್ತಿದ್ದವು. ನನ್ನ ಪಾಟಿಯನ್ನು ನೋಡಿ ಮಾಸ್ತರರು, "ಜ್ವಾಳದ ಹೊಲದಾಗ ಹಂದಿ ಹೊಕ್ಕಂಗ ಬರದೀಯಲ್ಲೋ" ಎನ್ನುತ್ತಿದ್ದರು. ಹೀಗಾಗಿ ರಜೆಯಲ್ಲಿ ಕೊಟ್ಟ ನನ್ನ ಕಾಪಿಬರಹವನ್ನೆಲ್ಲ ಖಾಜಾ ಬರೆದುಕೊಡುತ್ತಿದ್ದ. ಅದಕ್ಕೆ ಬದಲಾಗಿ ನಾನು ನಮ್ಮ ಹಿತ್ತಲಿನ ಪೇರಲಹಣ್ಣು ಕೊಡುತ್ತಿದ್ದೆ. ಮುಂದೆ ಅವನು ಸಿರುಗುಪ್ಪದಲ್ಲಿ ಟೇಲರ್ ಅಂಗಡಿ ಹಾಕಿದ. ನನ್ನ ಮದುವೆಯ ಪ್ಯಾಂಟಿನಿಂದ ಹಿಡಿದು ಎಲ್ಲವನ್ನೂ ಅವನೇ ಹೊಲಿಯುತ್ತಿದ್ದ.

ಒಂಬತ್ತು ವರ್ಷದ ಕೆಳಗೆ ಬಾದನಹಟ್ಟಿಯಲ್ಲಿ ನಮ್ಮ ನೆಂಟರ ಮದುವೆಗೆಂದು ಅವನ ಕೈಯಲ್ಲಿ ಒಂದು ಸಫಾರಿ ಹೊಲಿಸಿದೆ. ಸಫಾರಿ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅಂಗಿ, ಪ್ಯಾಂಟು ಎರಡೂ ಒಂದೇ ಬಟ್ಟೆಯದು, ಮೈತುಂಬ ಜೇಬು. ಅದನ್ನು ತೊಟ್ಟವನು ಎಂಜಿನಿಯರೋ ಸೊಸೈಟಿಯ ಅಧ್ಯಕ್ಷನೋ ಇರಬೇಕು ಎಂದು ಜನ ತಿಳಿಯುತ್ತಿದ್ದ ಕಾಲವೊಂದಿತ್ತು. ಆ ಕಾಲ ಮುಗಿದು ಬಹಳ ದಿನವಾಗಿದ್ದರೂ ನನಗೆ ಯಾರೂ ತಿಳಿಸಿರಲಿಲ್ಲ. ಮದುವೆಯಲ್ಲಿ ಹಿರಿಯರೊಬ್ಬರ ಕಾಲು ಮುಟ್ಟಲು ಬಗ್ಗಿದೆ. ಹಿಂದುಗಡೆ ಪರ್ರ್ ಎಂದಿತು. ದುರ್ದೈವಕ್ಕೆ ಮಂತ್ರ ಹೇಳುವ ಮೈಕು ಪಕ್ಕದಲ್ಲೇ ಇತ್ತು. ಇಡೀ ಊರು ಕೇಳಿಸಿಕೊಂಡಿತು. ನಾನು ಸೊಂಟಕ್ಕೆ ಶಾಲು ಸುತ್ತಿಕೊಂಡು, ಊಟಕ್ಕೆ ಕುಳಿತಿದ್ದ ಖಾಜಾನ ಬಳಿ ಹೋಗಿ, ಹತ್ತು ಜನರೆದುರು, "ಏನು ಹೊಲದೀಯೋ ಇದನ್ನ? ಗೋಣಿಚೀಲದ ಹೊಲಿಗಿನೂ ಇದಕಿಂತ ಗಟ್ಟಿ ಇರತೈತಿ" ಎಂದುಬಿಟ್ಟೆ.

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. "ನನ್ನ ಹೊಲಿಗಿ ಬಿಚ್ಚಿಲ್ಲ. ನಿನ್ನ ಹೊಟ್ಟಿ ಹೊರಗ ಬಂದೈತಿ. ಅಳತಿ ಕೊಡಬೇಕಾದ್ರ ಉಸಿರು ಹಿಡಕೊಂಡು ನಿಂತವನು ಯಾರು?" ಎಂದ.

ಅದು ನಿಜವೇ ಆಗಿತ್ತು. ನಿಜವಾಗಿದ್ದರಿಂದಲೇ ನನಗೆ ಬಹಳ ಸಿಟ್ಟು ಬಂತು. ಅಲ್ಲಿಂದ ಒಂಬತ್ತು ವರ್ಷ ಮಾತಿಲ್ಲ.

ಈಗ ಪೋಸ್ಟಾಫೀಸಿಗೆ ಹೋಗಿ ಎರಡು ಕಾರ್ಡು ಕೇಳಿದೆ. ಕಿಟಕಿಯ ಆಚೆಗಿದ್ದ ಹೆಣ್ಣುಮಗಳು ನನ್ನನ್ನು ಕನಿಕರದಿಂದ ನೋಡಿ, "ಲಕ್ಕಿ ಡ್ರಾಕ್ಕೇನ್ರಿ?" ಎಂದಳು. ಮನೆಗೆ ಬಂದು ಖಾಜಾನಿಗೆ ಬರೆದೆ. ಹೀಗೆ:

"ಪ್ರಿಯ ಖಾಜಾ, ನಾನು ಈಗ ಎಷ್ಟೋ ಸುಧಾರಿಸಿದ್ದೇನೆ. ರಾತ್ರಿಯ ಊಟ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಅರ್ಧ ಗಂಟೆ ಓಡಾಡುತ್ತೇನೆ. ಮಾತು ಕಡಿಮೆಯಾಗಿದೆ. ಫೋನು ಮುಟ್ಟುತ್ತಿಲ್ಲ. ಮನುಷ್ಯ ಇರುವುದು ಎಷ್ಟು ದಿನ? ಹಳೆಯದನ್ನೆಲ್ಲ ಮರೆತುಬಿಡು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ. ನಿನ್ನ ವೀರೇಶ."

ಅಕ್ಕನಿಗೂ ಹೆಚ್ಚುಕಡಿಮೆ ಇದನ್ನೇ ಬರೆದೆ. ನನಗೆ ಬಹಳ ಚೆಂದ ಕಂಡಿತು. ಎರಡೆರಡು ಸಲ ಓದಿಕೊಂಡೆ. ಪೆನ್ನು ಹಿಡಿದು ಅಭ್ಯಾಸ ತಪ್ಪಿದ್ದರಿಂದ ಅಕ್ಷರಗಳು ಒಂದಿಷ್ಟು ನಡುಗಿದ್ದವು. ಕರೆಂಟು ಹೋಗಿ ಫ್ಯಾನು ನಿಂತಿದ್ದರಿಂದ ಹಣೆಯ ಬೆವರು ಎರಡು ಕಡೆ ಬಿದ್ದು ಮಸಿ ಹರಡಿತ್ತು. ಸ್ವಂತ ಕೈಬರಹ ಎಂದರೆ ಇಷ್ಟು ಜೀವಂತಿಕೆ ಇರಬೇಕು ಎಂದುಕೊಂಡು ಎರಡನ್ನೂ ಡಬ್ಬಿಗೆ ಹಾಕಿ ಬಂದೆ.

'ಸುಧಾರಿಸಿದ್ದೇನೆ' ಎಂಬ ಮಾತನ್ನು ನಮ್ಮ ಕಡೆ ಆಸ್ಪತ್ರೆಯಿಂದ ಬಂದವರೇ ಹೆಚ್ಚು ಆಡುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಾರ್ಡು ಮುಟ್ಟಿದ ದಿನ ನೀಲಕ್ಕ ನನಗೆ ಫೋನು ಮಾಡಿದಳಂತೆ. ಬಂದ್ ಆಗಿತ್ತು. ಎದೆ ಒಡೆದುಕೊಂಡು ಗಿರಿಜಾಳಿಗೆ ಮಾಡಿದಳು. ಅವರಿಬ್ಬರ ನಡುವೆ ನಡೆದ ಮಾತು ನನಗೆ ಆಮೇಲೆ ತಿಳಿಯಿತು.

"ಗಿರಿಜಾ, ಹೆಂಗ ಅದಾನವಾ ನನ್ನ ತಮ್ಮ?"

ನನ್ನ ಸುಧಾರಣೆಯಿಂದ ರೋಸಿಹೋಗಿದ್ದ ಗಿರಿಜಾ ನಿಟ್ಟುಸಿರು ಬಿಟ್ಟು, "ಏನಂತ ಹೇಳಲ್ರಿ ಅಕ್ಕಾರ. ಮಾತಿಲ್ಲ, ಕತಿ ಇಲ್ಲ. ರಾತ್ರಿ ಊಟ ಮುಟ್ಟಂಗಿಲ್ಲ. ಬರೇ ಕಣ್ಣು ಮುಚ್ಚಿಕೊಂಡು ಇರತಾರ. ನನಗೂ ಸಾಕಾಗೈತಿ. ಇನ್ನ ನಾಕೈದು ದಿನ ಅಷ್ಟ ಬಿಡ್ರಿ, ಎಲ್ಲಾ ಮುಗೀತೈತಿ" ಎಂದಳು.

ಆಮೇಲೆ ಅತ್ತ ಕಡೆಯಿಂದ ಮಾತು ಬರಲಿಲ್ಲವಂತೆ. ನೆಟ್ವರ್ಕ್ ಹೋಗಿರಬೇಕು ಎಂದುಕೊಂಡು ಇವಳು ಒಲೆಯ ಕಡೆಗೆ ಹೋದಳು.

ಹದಿನೇಳನೆಯ ದಿನ, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ. ಗಿರಿಜಾ ಒಗ್ಗರಣೆ ಮಂಡಕ್ಕಿ ಮಾಡಿ, ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ಎಣ್ಣೆಯ ಪದಾರ್ಥದ ಬಗ್ಗೆ ಭಾಷಣಕಾರರು ಏನೂ ಹೇಳಿರಲಿಲ್ಲ ಎಂದು ನೆನಪು ಮಾಡಿಕೊಂಡೆ. ಬನಿಯನ್ನಿನಲ್ಲೇ ಅಡುಗೆಮನೆಗೆ ಹೋಗಿ ಬಾಣಲೆಯಿಂದ ಆಗತಾನೆ ಎತ್ತಿದ ಒಂದು ಮಿರ್ಚಿಯನ್ನು ಇಡಿಯಾಗಿ ಬಾಯಿಗೆ ಹಾಕಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು.

"ಅಯ್ಯೋ ನನ ತಮ್ಮಾ! ನಿನಗ್ಯಾಕ ಬಂತೋ ಈ ಗತಿ!"

ನೀಲಕ್ಕನ ದನಿ. ಓಡಿ ಪಡಸಾಲೆಗೆ ಬಂದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಹಿಂದೆ, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಎಳನೀರಿನ ಚೀಲ, ಹೊಸ್ತಿಲು ಎಡವಿ ಒಳಗೆ ಬಂದವನು ಖಾಜಾ. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದು ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಭೆಟ್ಟಿಯಾಗಿದ್ದರು.

ನಾನು ಏನಾದರೂ ಹೇಳಬೇಕಿತ್ತು. ಆದರೆ ಬಾಯಲ್ಲಿ ಬೆಂಕಿಯಂಥ ಮಿರ್ಚಿ. ನುಂಗಲೂ ಆಗದು, ಅಕ್ಕನ ಎದುರು ಉಗುಳಲೂ ಆಗದು. ಖಾರ ನೆತ್ತಿಗೇರಿ ಎರಡೂ ಕಣ್ಣಿನಿಂದ ನೀರು ಧಾರಾಕಾರ ಸುರಿಯತೊಡಗಿತು. "ಊಂ, ಊಂ" ಎಂದೆ.

"ನಾಲಿಗಿನ ಬಿದ್ದೈತಲ್ಲೋ ಖಾಜಾ!" ಎಂದು ಅಕ್ಕ ಗೋಡೆ ಹಿಡಿದು ಕುಸಿದಳು.

ಖಾಜಾ ಚೀಲ ಕೆಳಗಿಟ್ಟು ನನ್ನ ದನಿಯ ಕಡೆಗೆ ಎರಡೂ ಕೈ ಚಾಚಿಕೊಂಡು ಬಂದ. ಬಂದವನೇ ಗಟ್ಟಿಯಾಗಿ ತಬ್ಬಿಕೊಂಡ. "ಲೇ ವೀರೇಶಿ, ಹೊಟ್ಟಿಗೆ ಹಾಕಿಕೋ ಅಂತ ಬರದೀಯಲ್ಲೋ... ನಾ ಯಾವತ್ತೋ ಹಾಕಿಕೊಂಡೀನಿ. ನೀ ಬರಲಿಲ್ಲ, ನಾನೂ ಬರಲಿಲ್ಲ. ಏನು ಮಂದಿನೋ ನಾವು" ಎಂದು ನನ್ನ ಭುಜದ ಮೇಲೆ ಬಿಕ್ಕಿದ. ಅವನ ಮುಖ ನನ್ನ ಕಿವಿಗೆ ತಾಗಿತ್ತು, ಗಡ್ಡ ಚುಚ್ಚುತ್ತಿತ್ತು. ಒಂಬತ್ತು ವರ್ಷದ ಮೇಲೆ ಆ ಸೀಮೆಸುಣ್ಣದ, ಇಸ್ತ್ರಿಯ ವಾಸನೆ ಮೂಗಿಗೆ ಬಂತು. ಈ ಸಲ ನನ್ನ ಕಣ್ಣಿನಿಂದ ಬಂದ ನೀರಿಗೆ ಮಿರ್ಚಿಯೊಂದೇ ಕಾರಣವಲ್ಲ.

ಆಮೇಲೆ ಬಿಕ್ಕುವುದು ನಿಂತಿತು. ನನ್ನ ಸೊಂಟದ ಸುತ್ತ ಇದ್ದ ಅವನ ಕೈಗಳು ಸ್ವಲ್ಪ ಬಿಗಿಯಾದವು. ಸಡಿಲವಾದವು. ಮತ್ತೆ ಬಿಗಿಯಾದವು. ನಲವತ್ತು ವರ್ಷ ಸೊಂಟ ಅಳೆದ ಕೈಗಳಿಗೆ ಟೇಪು ಬೇಕಾಗುವುದಿಲ್ಲ.

"ನಲವತ್ತೆರಡು," ಎಂದ ಖಾಜಾ. ಬಿಟ್ಟು ಹಿಂದೆ ಸರಿದ. "ಒಂದು ಇಂಚೂ ಇಳಿದಿಲ್ಲ. ಎರಡು ಇಂಚು ಏರೈತಿ. ಏನು ರೋಗಲೇ ನಿನಗ? ಮತ್ತ... ಬಾಯಾಗಿಂದ ಮಿರ್ಚಿ ವಾಸನಿ ಯಾಕ ಬರಾಕತ್ತೈತಿ?"

ಅಷ್ಟರಲ್ಲಿ ಮಿರ್ಚಿ ಇಳಿದಿತ್ತು. ಇಂಕ್ ಪೆನ್ನು, ಶಿಬಿರ, ಇಪ್ಪತ್ತೊಂದು ದಿನ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಮೂರ್ಖತನವೆಂದು ಕಾಣತೊಡಗಿತು. ಗಿರಿಜಾ ಎಣ್ಣೆ ಸೋಸುವ ಜಾರೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಂದ್ರ ನೀ ಆರಾಮ ಅದೀಯಾ?" ಎಂದಳು ಅಕ್ಕ.

"ಆರಾಮ ಅದೀನಕ್ಕಾ."

ಅವಳು ಎದ್ದು ಬಂದು ಬೆನ್ನಿಗೆ ಒಂದು ಗುದ್ದಿದಳು. ಐವತ್ನಾಲ್ಕು ವರ್ಷದ ಗುಮಾಸ್ತನನ್ನು ಹಾಗೆ ಗುದ್ದುವ ಹಕ್ಕು ಈ ಲೋಕದಲ್ಲಿ ಅವಳೊಬ್ಬಳಿಗೇ ಇದೆ. ಖಾಜಾ ಬಾಗಿಲ ಕಡೆ ತಿರುಗಿ ಚಪ್ಪಲಿ ಹುಡುಕತೊಡಗಿದ. "ಒಂಬತ್ತು ವರ್ಷದ ಸಿಟ್ಟು ಬಸ್ಸಿನ್ಯಾಗ ಇಳಿಸಿ ಬಂದೀನಿ. ಈಗ ವಾಪಸ್ ಹೊತ್ಕೊಂಡು ಹೋಗು ಅಂತೀಯೇನು?" ಎಂದ. ಅದು ತಮಾಷೆಯಾಗಿರಲಿಲ್ಲ. ಇನ್ನು ಹೋದರೆ ಇವನು ಮತ್ತೆಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವನನ್ನು ತಡೆದವಳು ಗಿರಿಜಾ. "ಖಾಜಣ್ಣಾ, ಹೋಗೂದಾದ್ರ ಹೋಗ್ರಿ. ಆದ್ರ ಇನ್ನೂ ಹನ್ನೆರಡು ಮಿರ್ಚಿ ಅದಾವು. ನೀವು ತಿನ್ನಲಿಲ್ಲ ಅಂದ್ರ ಇವರೊಬ್ಬರ ತಿಂತಾರ."

ಖಾಜಾ ಚಪ್ಪಲಿ ಹುಡುಕುವುದನ್ನು ಬಿಟ್ಟ. "ಹಂಗಂದ್ರ ನಲವತ್ನಾಲ್ಕು ಆಗತೈತಿ," ಎಂದು ಹೇಳಿ ಒಳಗೆ ಬಂದು ಕುಳಿತ.

ಇಲ್ಲಿಗೆ ಮುಗಿಯಿತು ಎಂದು ನಾನೂ ತಿಳಿದಿದ್ದೆ. ಐದನೆಯ ಮಿರ್ಚಿಯ ಹೊತ್ತಿಗೆ ಅಕ್ಕ ನೆನಪು ಮಾಡಿಕೊಂಡವಳಂತೆ, "ಬರೋ ಸೋಮವಾರ ಕುರುಗೋಡಿಗೆ ಬಂದುಬಿಡು. ಬಸವಣ್ಣಗ ಬೇಡಿಕೊಂಡೀನಿ. ನೀ ಎದ್ದು ಓಡಾಡಿದ್ರ ಗುಡಿ ಸುತ್ತ ಉರುಳುಸೇವಾ ಮಾಡಸ್ತೀನಿ ಅಂತ" ಎಂದಳು.

"ಅಕ್ಕಾ, ನನಗ ರೋಗ ಎಲ್ಲಿತ್ತು?"

"ಅದು ಬಸವಣ್ಣಗ ಹೆಂಗ ಗೊತ್ತಾಗಬೇಕು? ಎದ್ದು ಓಡಾಡಾಕತ್ತೀಯೋ ಇಲ್ಲೋ?"



ಸೋಮವಾರ ಕುರುಗೋಡಿಗೆ ಹೋದೆ. ಮೊದಲ ಬಸ್ಸು ತಪ್ಪಿದ್ದರಿಂದ ಬಿಸಿಲು ಆಗಲೇ ಏರಿತ್ತು. ಒದ್ದೆ ಪಂಚೆಯಲ್ಲಿ ಗುಡಿಯ ಹೊರ ಅಂಗಳದ ಕಲ್ಲಿನ ಮೇಲೆ ಮಲಗಿ ಉರುಳತೊಡಗಿದೆ. ಹೊಟ್ಟೆ ಕೆಳಗೆ ಬಂದಾಗ ಗಾಡಿ ನಿಲ್ಲುತ್ತಿತ್ತು, ಬೆನ್ನು ಬಂದಾಗ ಮುಂದಕ್ಕೆ ಹೋಗುತ್ತಿತ್ತು. ಸಾಲೆಯ ದಿನಗಳಲ್ಲಿ ಇದೇ ಅಂಗಳದಲ್ಲಿ ನಾವು ಬುಗುರಿ ಆಡುತ್ತಿದ್ದೆವು, ಈಗ ನಾನೇ ಬುಗುರಿ. ಖಾಜಾ ಸಿರುಗುಪ್ಪದಿಂದ ಇದಕ್ಕೆಂದೇ ಬಂದಿದ್ದ. ಇಂಥದ್ದನ್ನು ತಪ್ಪಿಸಿಕೊಳ್ಳಲಾರೆ ಎಂದಿದ್ದ. ನೀರಿನ ಕೊಡ ಹಿಡಿದು ನನ್ನ ಮುಂದೆ ಕಲ್ಲು ತಣ್ಣಗಾಗಲೆಂದು ಚೆಲ್ಲುತ್ತ ಹೋಗುವುದು ಅವನ ಕೆಲಸ.

ಮೊದಲ ಸುತ್ತು ಸರಿಹೋಯಿತು. ಎರಡನೆಯ ಸುತ್ತಿನ ಮೂಲೆಯಲ್ಲಿ ನಾನು ದಿಕ್ಕು ತಪ್ಪಿ ಅಡ್ಡ ಉರುಳಿದೆ. ಕೊಡ ತುಂಬಿಸಿಕೊಂಡು ಎದುರಿನಿಂದ ಬರುತ್ತಿದ್ದ ಖಾಜಾ ನಿಲ್ಲಲಿಲ್ಲ. ನೆಟ್ಟಗೆ ಬಂದ. ಬಂದು ನನ್ನ ಹೊಟ್ಟೆಯ ಮೇಲೆ ಕಾಲಿಟ್ಟ. ಕೊಡ ಒಂದು ಕಡೆ, ಅವನೊಂದು ಕಡೆ. ನನ್ನ ಬಾಯಿಂದ ಬಸವಣ್ಣನೇ ಎದ್ದು ಕೂಡುವಂಥ ಕೂಗು ಬಂತು.

"ಕಣ್ಣು ಕಾಣಂಗಿಲ್ಲೇನಲೇ ನಿನಗ? ಇಷ್ಟು ದೊಡ್ಡಾವ ಬಿದ್ದೀನಿ!"

ಖಾಜಾ ಒದ್ದೆ ಕಲ್ಲಿನ ಮೇಲೆ ಕುಳಿತಲ್ಲೇ ತಲೆ ತಗ್ಗಿಸಿದ. "ಕಾಣಂಗಿಲ್ಲ," ಎಂದ.

ಆಗ ಒಂದೊಂದಾಗಿ ಹೊರಬಂತು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಮಗಳು ರೇಷ್ಮಾ ಹತ್ತಾರು ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದಳು. ಇವನು ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದ. ನನ್ನ ಕಾರ್ಡನ್ನು ಓದಿದವಳೂ ಅವಳೇ. ಬಸ್ಸಿನ ಬೋರ್ಡನ್ನು ಯಾರನ್ನಾದರೂ ಕೇಳಿ ಹತ್ತಬೇಕು. ನಮ್ಮ ಹೊಸ್ತಿಲನ್ನು ಅವನು ಎಡವಿದ್ದು, ನನ್ನ ದನಿ ಹಿಡಿದು ಕೈ ಚಾಚಿ ಬಂದದ್ದು, ಇವೆಲ್ಲ ದುಃಖದಿಂದ ಎಂದು ನಾನು ತಿಳಿದಿದ್ದೆ. ಪೋಣಿಸಿದಂಥ ಅಕ್ಷರ ಬರೆಯುತ್ತಿದ್ದವನಿಗೆ ಈಗ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

"ಆಪರೇಷನ್ ಮಾಡಸಾಕ ಏನಾಗಿತ್ತೋ?" ಎಂದೆ.

"ಕಣ್ಣಾಗ ಕತ್ತರಿ ಹಾಕತಾರಂತ. ಕತ್ತರಿ ಅಂದ್ರ ಏನು ಅಂತ ಬ್ಯಾರೆಯವರಿಗೆ ಗೊತ್ತಿಲ್ಲ, ನನಗ ಗೊತ್ತೈತಿ. ಒಂದು ಗೆರಿ ಆಚೀಚೆ ಆದ್ರ ಬಟ್ಟಿ ಹೋತು. ಬಟ್ಟಿ ಆದ್ರ ಇನ್ನೊಂದು ತರಬಹುದು."

ನಾನು ಹೇಳಿದೆ, ಬೇಡಿಕೊಂಡೆ, ಬೈದೆ. ಈಗ ಕತ್ತರಿ ಹಾಕುವುದಿಲ್ಲ, ಬಹಳ ಸಣ್ಣ ಕೆಲಸ ಎಂದು ವಿವರಿಸಿದೆ. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಆಗ ಪಕ್ಕದಲ್ಲೇ ನಿಂತಿದ್ದ ನೀಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡಿಯ ಕಡೆಗೆ ತಿರುಗಿ ಕೈ ಮುಗಿದಳು.

"ಬಸವಣ್ಣಾ, ಈ ಖಾಜಾನ ಕಣ್ಣು ಬರಲಿ. ಬಂದ್ರ ಅವನ ಕೈಲೆ..."

"ಅಕ್ಕಾ, ತಡೀ ತಡೀ!" ಎಂದ ಖಾಜಾ. ನನ್ನ ತರಚಿದ ಮೊಣಕೈಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ. ಬೆನ್ನನ್ನೂ ಮುಟ್ಟಿ ನೋಡಿದ. "ಹರಕಿ ಹೊರಬ್ಯಾಡ. ಹೋಗ್ತೀನಿ. ಇದಕಿಂತ ಆಪರೇಷನ್ನ ಪಾಡು."

ಅದೇ ತಿಂಗಳು ಬಳ್ಳಾರಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಅವನ ಬಲಗಣ್ಣಿಗೆ ಆಪರೇಷನ್ ಆಯಿತು. ನಾನು ರಜೆ ಹಾಕಿ ಜೊತೆಗಿದ್ದೆ. ನನ್ನ ಸುಧಾರಣೆ ಹದಿನೇಳನೆಯ ದಿನಕ್ಕೇ ನಿಂತುಹೋಗಿತ್ತು, ಯಾರೂ ಅದರ ಬಗ್ಗೆ ವಿಚಾರಿಸಲಿಲ್ಲ. ಒಳಗೆ ಹೋಗುವಾಗ ಖಾಜಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ನರ್ಸಮ್ಮ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನು ಹೊರಗೆ ಬರುವವರೆಗೆ ನಾನು ಆ ಬೆಂಚಿನ ಮೇಲೆ ಕುಳಿತು ಒಂಬತ್ತು ವರ್ಷದಲ್ಲಿ ಅವನಿಗೆ ಹೇಳಬೇಕಾಗಿದ್ದುದನ್ನೆಲ್ಲ ಮನಸ್ಸಿನಲ್ಲೇ ಹೇಳಿದೆ.

ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿದರು. ಖಾಜಾ ಮೆಲ್ಲಗೆ ರೆಪ್ಪೆ ತೆರೆದ. ಕಿಟಕಿ ನೋಡಿದ, ಗೋಡೆ ನೋಡಿದ, ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಅವನ ದೃಷ್ಟಿ ಎದುರಿಗೆ ನಿಂತಿದ್ದ ನನ್ನ ಮೇಲೆ ಬಂದು ನಿಂತಿತು.

"ಇವರು ಯಾರು ಅಂತ ಗುರುತು ಸಿಗತೈತೇನ್ರಿ?" ಎಂದು ನರ್ಸಮ್ಮ ಕೇಳಿದಳು.

ಖಾಜಾ ನನ್ನ ಬೋಳುತಲೆಯಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡಿದ. "ಸಿಗತೈತಿ ಬಿಡ್ರಿ. ನಮ್ಮ ವೀರೇಶಿಯ ಅಪ್ಪಾರು."

"ಇಲ್ಲಿ ಚೀಟಿಯೊಳಗ ಜೋಡಿ ಇದ್ದವರು ವೀರೇಶ ಅಂತ ಇವರದ ಹೆಸರು ಐತಲ್ರೀ?" ನರ್ಸಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದಳು. ನನ್ನ ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು ಎಂದೆ. ಅವಳು, "ಇರ್ರಿ, ಡಾಕ್ಟರನ್ನ ಕರೀತೀನಿ, ಕಣ್ಣು ಸರಿ ಕಾಣಾಕತ್ತಿಲ್ಲ ಅನಸ್ತೈತಿ" ಎಂದು ಬಾಗಿಲಿಗೆ ಓಡಿದಳು.

"ಬ್ಯಾಡ ಬರ್ರಿ ನರ್ಸಮ್ಮಾ," ಎಂದು ಖಾಜಾ ಹಿಂದಿನಿಂದ ಕೂಗಿದ. "ಛಲೋ ಕಾಣಾಕತ್ತೈತಿ. ಕಂಡದ್ದಕ್ಕ ಹೇಳಿದ್ದು."